ಜೇಬಿನೊಳಗಿನ ಎಡಗೈ

ಕತ್ತರಿಯಕ್ಕನ ಎಡಗೈಗೆ ಒಂದು ಗಳಿಗೆಯೂ ಪುರುಸೊತ್ತು ಇರಲಿಲ್ಲ. ತನ್ನ ಪಾಡಿಗೆ ತಾನು ಇರಬೇಕಾದ ಕೈ ಅದು. ಆದರೆ ಬಲಗೈ ಏನು ಮಾಡಬೇಕೆಂದರೂ ಜೊತೆಗೆ ಅದೂ ಮಾಡಬೇಕಾಗಿತ್ತು. ಬಲಗೈಯಲ್ಲಿ ಲೋಟ ಹಿಡಿಯಬೇಕೇ, ಎಡಗೈಯೂ ಬರಿಗಾಳಿಯಲ್ಲಿ ಇಲ್ಲದ ಲೋಟವೊಂದನ್ನು ಹಿಡಿಯಬೇಕು. ಬಲಗೈಯಲ್ಲಿ ಬಾಚಣಿಗೆ ಹಿಡಿಯಬೇಕೇ, ಎಡಗೈ ಮುಷ್ಟಿ ಕಟ್ಟಬೇಕು. ಎಡಗೈ ಸುಮ್ಮನಾಯಿತೋ, ಬಾಚಣಿಗೆ ಜಾರಿ ಕಾಲ ಮೇಲೆ ಬೀಳುತ್ತಿತ್ತು. ಒಬ್ಬರ ಕೆಲಸಕ್ಕೆ ಇಬ್ಬರು ಆಳು ಎಂದು ಅವಳ ಅತ್ತೆ ಹೇಳುತ್ತಿದ್ದುದು ಸುಳ್ಳೇನಲ್ಲ.

ಕತ್ತರಿಯಕ್ಕ ಎಂಬುದು ಗಿರಾಕಿಗಳು ಇಟ್ಟ ಹೆಸರು. ಓಣಿಯ ತುದಿಯ ಆ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಅವಳು, ಹೊಲಿಯುವವನು ಅವಳ ಗಂಡ. ಸಂಸಾರದಲ್ಲೂ ಹಾಗೇ ಇದ್ದೀತು ಎಂದು ಗಿರಾಕಿಗಳು ನಗುತ್ತಿದ್ದರು, ಗಂಡನೂ ನಗುತ್ತಿದ್ದ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಇವರ ಎಡಭುಜ ತಗ್ಗು, ಇವರಿಗೆ ಬೆನ್ನು ಕೊಂಚ ಗೂನು ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಅಂಗಡಿಯ ಮುಂಭಾಗದಲ್ಲಿ ಬೆಳಕು ಬೀಳುವ ಜಾಗದಲ್ಲಿ ಅವಳ ಉದ್ದನೆಯ ಮೇಜು. ಹಿಂದೆ ಗಂಡನ ಮಿಷನ್ನು. ಬಾಗಿಲ ಪಕ್ಕದ ಕುಳ್ಳು ಸ್ಟೂಲಿನ ಮೇಲೆ ಅತ್ತೆ, ಮಡಿಲಲ್ಲಿ ಗುಂಡಿಯ ಡಬ್ಬಿ ಇಟ್ಟುಕೊಂಡು ಕಾಜಾ ಹಾಕುತ್ತ, ಹೋಗಿ ಬರುವವರ ಬಟ್ಟೆಗೆ ಹೆಸರಿಡುತ್ತ ಕೂತಿರುತ್ತಿದ್ದಳು.

ಮೂರು ವರ್ಷದ ಹಿಂದೆ ತಿರುವಿನ ಮರಳಿನಲ್ಲಿ ಅವಳ ಸ್ಕೂಟರು ಜಾರಿತು. ಬಲಭುಜ ನೆಲಕ್ಕೆ ಅಪ್ಪಳಿಸಿ, ಕುತ್ತಿಗೆ ಇನ್ನೊಂದು ಕಡೆಗೆ ಎಳೆದುಹೋಯಿತು. ಭುಜ ಉಳಿಯಿತು, ಮೊಣಕೈ ಉಳಿಯಿತು, ಮಣಿಕಟ್ಟಿನಿಂದ ಕೆಳಗೆ ಕೈ ಕೈಕೊಟ್ಟಿತು. ದೊಡ್ಡ ಆಸ್ಪತ್ರೆಯ ಡಾಕ್ಟರು ಚಿತ್ರ ಬರೆದು ತೋರಿಸಿದರು. ಕೈಗೆ ಹೋಗುವ ನರಗಳು ಬುಡದಲ್ಲೇ ಕಿತ್ತುಬಂದಿವೆ, ಸೇರಿಸಿ ಹೊಲಿಯೋಣವೆಂದರೆ ಆ ಕಡೆ ಅಂಚೇ ಉಳಿದಿಲ್ಲ. ಅಂಚಿಲ್ಲದ ಬಟ್ಟೆ ಹೊಲಿಯಲಾಗುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಕೊನೆಗೆ ಕುತ್ತಿಗೆಯ ಎಡಗಡೆಯಿಂದ, ಒಳ್ಳೆಯ ಕೈಗೆ ಹೋಗುತ್ತಿದ್ದ ನರಗಳಲ್ಲಿ ಒಂದನ್ನು ಕತ್ತರಿಸಿ, ಅಡ್ಡಲಾಗಿ ಬಲಗಡೆಗೆ ತಂದು ಜೋಡಿಸಿದರು. ನರ ಬೆಳೆಯುವ ವೇಗ ಉಗುರು ಬೆಳೆದ ಹಾಗೆ. ಬಹಳ ಕಾಲ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಎಡಗೈಯಲ್ಲಿ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಾಗ, ಪಕ್ಕದಲ್ಲಿ ಬಿದ್ದಿದ್ದ ಬಲಗೈಯ ಬೆರಳುಗಳು ತಾವೂ ಮಡಿಸಿಕೊಂಡವು. ಅವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಗೋಡೆಗೊರಗಿ ಕೂತಳು.

ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಮಾತಿನಲ್ಲಿ ಮೆದು, ಕೆಲಸದಲ್ಲಿ ಕಟುಕಿ. ಅವರು ಬಿಡಿಸಿ ಹೇಳಿದರು.

"ನಿಮ್ಮ ಮೆದುಳಿಗೆ ಅದು ಇನ್ನೂ ಎಡಗೈ ನರಾನೇ. ಎಲ್ಲಿಗೆ ಜೋಡಿಸಿದ್ದಾರೆ ಅಂತ ಅದಕ್ಕೇನು ಗೊತ್ತು? ಪಕ್ಕದ ಮನೆ ಲೈನಿಂದ ನಿಮ್ಮ ಮನೆಗೆ ಕರೆಂಟ್ ಎಳೆದಿದ್ದೀವಿ. ಅವರು ಸ್ವಿಚ್ ಒತ್ತಿದ್ರೆ ನಿಮ್ಮನೇಲೂ ದೀಪ. ನಿಮಗೇ ಅಂತ ಬೇರೆ ಸ್ವಿಚ್ಚು ಮೆದುಳೇ ಮಾಡ್ಕೋಬೇಕು."

"ಎಷ್ಟು ದಿನ ಬೇಕು ಮೇಡಂ?"

"ಅದು ನನ್ನ ಕೈಲಿಲ್ಲ, ನಿಮ್ಮ ಕೈಲೂ ಇಲ್ಲ. ಎರಡೂ ಕೈಲಿ ಸ್ಪಂಜು ಹಿಂಡಿ. ಎಡಗೈ ಹಿಂಡೋದನ್ನ ದಿನದಿನಕ್ಕೆ ಸಣ್ಣದು ಮಾಡ್ತಾ ಹೋಗಿ. ಆತುರ ಮಾತ್ರ ಬೇಡ."

ಆತುರ ಬೇಡ ಎಂದು ಹೇಳುವುದು ಸುಲಭ. ಅಂಗಡಿಯಲ್ಲಿ ಅವಳ ಮೇಜಿನ ಮುಂದೆ ಆಗಲೇ ಬೇರೊಬ್ಬ ನಿಂತಿದ್ದ.

ಹೊಟ್ಟೆ ಕೇಳಬೇಕಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗಲೇ ಗಂಡ ಒಬ್ಬ ಕಟಿಂಗ್ ಮಾಸ್ಟರನ್ನು ಇಟ್ಟುಕೊಂಡಿದ್ದ. ಐವತ್ತು ದಾಟಿದ ಆಳು, ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಬಳಪದ ಚೂರು. ಏನು ಕೇಳಿದರೂ 'ಹೂಂ'. ತೋಳು ಗಿಡ್ಡ ಮಾಡಬೇಕಂತೆ, ಹೂಂ. ನಾಳೆ ಬೇಗ ಬನ್ನಿ, ಹೂಂ. ಊಟ ಆಯ್ತಾ, ಅದಕ್ಕೂ ಹೂಂ. ಅತ್ತೆ ಅವನಿಗೆ ಹೂಂ ಮಾಸ್ಟರ್ ಎಂದು ಹೆಸರಿಟ್ಟಳು. ಕತ್ತರಿಯಕ್ಕ ಅವನು ಕತ್ತರಿಸಿದ ತುಂಡುಗಳನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕಂಕುಳ ತಿರುವು ನೋಡಿದಳು, ಕಾಲರಿನ ಮೂಲೆ ನೋಡಿದಳು. ತಪ್ಪೊಂದು ಸಿಕ್ಕಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ಸಿಗಲಿಲ್ಲ. ಅವನ ಕತ್ತರಿ ಅವಳ ಕತ್ತರಿಯಷ್ಟೇ ಚೊಕ್ಕವಾಗಿ ನಡೆಯುತ್ತಿತ್ತು, ಮತ್ತೆ ಅವನು ಅದರ ಬಗ್ಗೆ ಜಂಬವನ್ನೂ ಕೊಚ್ಚಿಕೊಳ್ಳುತ್ತಿರಲಿಲ್ಲ. ಅಂಥವನನ್ನು ದ್ವೇಷಿಸುವುದು ಬಹಳ ಕಷ್ಟದ ಕೆಲಸ. ಅವಳು ಕಷ್ಟಪಟ್ಟೇ ದ್ವೇಷಿಸಿದಳು.

ಒಂದು ದಿನ ಗಂಡ ಊಟದ ನಡುವೆ ತಲೆ ತಗ್ಗಿಸಿಕೊಂಡೇ ಹೇಳಿದ.

"ಮಾಸ್ಟ್ರನ್ನ ಕಾಯಂ ಮಾಡ್ಕೊಳ್ಳೋಣ ಅಂತಿದ್ದೀನಿ. ಅರ್ಧ ಪಾಲು ಕೊಟ್ರೆ ನಿಲ್ತಾರೆ. ನೀನು ಗಿರಾಕಿಗಳ ಹತ್ರ ಮಾತಾಡ್ಕೊಂಡು, ಅಳತೆ ತಗೊಂಡು ಆರಾಮಾಗಿರು."

"ಮೇಜು?" ಎಂದಳು ಅವಳು.

"ಮೇಜು ಎಲ್ಲಿ ಹೋಗತ್ತೆ? ಅಲ್ಲೇ ಇರತ್ತಲ್ಲ."

ಅವಳು ಕೇಳಿದ್ದು ಅದಲ್ಲ ಎಂದು ಅವನಿಗೂ ಗೊತ್ತಿತ್ತು. ಅನ್ನ ಕಲಸುತ್ತ ಕೂತ.

ಮಾರನೆಯ ದಿನ ನಡೆದದ್ದು ಅವಳು ಬೇಕೆಂದು ಮಾಡಿದ್ದಲ್ಲ. ಮನೆಯ ಊಟದ ಮೇಜಿನ ಮುಂದೆ ಕೂತು ಸ್ಪಂಜು ಹಿಂಡುತ್ತಿದ್ದಳು. ಬಲಗೈ ಮೇಜಿನ ಮೇಲೆ. ಎಡಗೈಯ ಸ್ಪಂಜು ಕೆಳಗೆ ಬಿದ್ದಿತ್ತು, ಯಾರು ಬಗ್ಗಿ ಎತ್ತುತ್ತಾರೆ ಎಂದು ಆ ಕೈಯನ್ನು ಅಡುಗೆಯ ಏಪ್ರನ್ನಿನ ಜೇಬಿನಲ್ಲಿ ತುರುಕಿ, ಅಲ್ಲೇ ಮುಷ್ಟಿ ಕಟ್ಟಿ ಬಿಡುತ್ತಿದ್ದಳು. ಗಂಡ ಮರೆತ ಕನ್ನಡಕ ಒಯ್ಯಲು ಒಳಗೆ ಬಂದ. ಬಂದವನು ಬಾಗಿಲಲ್ಲೇ ನಿಂತ. ಅವನ ಕಣ್ಣಿಗೆ ಕಂಡದ್ದು ಇಷ್ಟು: ಹೆಂಡತಿಯ ಬಲಗೈ ಒಂದೇ, ಬೇರೆ ಯಾರ ಸಹಾಯವೂ ಇಲ್ಲದೆ, ಸ್ಪಂಜನ್ನು ಹಿಂಡಿ ನೀರು ಇಳಿಸುತ್ತಿದೆ.

"ಅಮ್ಮಾ, ಬಾ ಇಲ್ಲಿ," ಎಂದು ಕೂಗಿದ. "ಬಂತು ಕಣಮ್ಮ. ಇವಳ ಕೈ ಬಂತು."

ಅವನು ಅವಳ ಮುಂದೆ ಮಂಡಿಯೂರಿ ಕೂತು ಆ ಒದ್ದೆ ಬಲಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ. ಅವನ ಗಡ್ಡದ ಮೊನೆ ಅವಳಿಗೆ ಚುಚ್ಚಿದ್ದು ಜೇಬಿನೊಳಗಿದ್ದ ಎಡಗೈಗೆ. ಆ ಕೈಯ ಮುಟ್ಟುವಿಕೆಯೆಲ್ಲ ಹೀಗೆ ವಿಳಾಸ ತಪ್ಪಿ ಈ ಕೈಗೆ ಬರುತ್ತಿತ್ತು, ಅದೂ ಆ ನರದ ಮಹಿಮೆಯೇ. ಅಲ್ಲ ರೀ, ಎನ್ನಬೇಕೆಂದು ಬಾಯಿ ತೆರೆದಳು. ಹದಿನೆಂಟು ವರ್ಷ ಜೊತೆಗಿದ್ದ ಮನುಷ್ಯ, ಅವನು ಅಳುವುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಆ ಮುಖಕ್ಕೆ ತಣ್ಣೀರು ಎರಚಲು ಮನಸ್ಸು ಬರಲಿಲ್ಲ. ಅದು ಅರ್ಧ ನಿಜ. ಇನ್ನರ್ಧ ನಿಜ ಏನೆಂದರೆ, ಆ ಕ್ಷಣದಲ್ಲಿ ಅವಳಿಗೆ ತನ್ನ ಮೇಜು ಕಂಡಿತು.

"ಹೂಂ ರೀ, ಬಂತು," ಎಂದಳು.

ನಾಳೆ ನಿಧಾನಕ್ಕೆ ಹೇಳಿದರಾಯಿತು ಎಂದುಕೊಂಡಿದ್ದಳು. ಮರುದಿನ ಅವಳು ಅಂಗಡಿಗೆ ಹೋಗುವ ಹೊತ್ತಿಗೆ ಹೂಂ ಮಾಸ್ಟರ್ ಇರಲಿಲ್ಲ, ಗೋಡೆಯ ಮೊಳೆಯಲ್ಲಿ ಅವನ ಕತ್ತರಿಯೂ ಇರಲಿಲ್ಲ. ಗಂಡ ಮೇಜನ್ನು ಒರೆಸಿ, ಅವಳ ಹಳೆಯ ಕತ್ತರಿಗೆ ಸಾಣೆ ಹಿಡಿಸಿ, ಹಿಡಿಕೆಯ ನಡುವೆ ಒಂದು ಸ್ಪ್ರಿಂಗ್ ಕೂರಿಸಿ ಇಟ್ಟಿದ್ದ. ಬೆರಳು ಮಡಿಸಿದರೆ ಕತ್ತರಿ ಮುಚ್ಚುತ್ತದೆ, ಬಿಟ್ಟರೆ ತಾನೇ ತೆರೆದುಕೊಳ್ಳುತ್ತದೆ.

"ಮಾಸ್ಟ್ರು?" ಎಂದಳು.

"ಕಳಿಸಿಕೊಟ್ಟೆ. ಇನ್ಯಾಕೆ?" ಎಂದು ಗಂಡ ಮಿಷನ್ನಿಗೆ ದಾರ ಪೋಣಿಸಿದ. ಅವನು ಗುನುಗುತ್ತಿದ್ದ.

ಸಿಕ್ಕಿಹಾಕಿಕೊಂಡಳು. ಮುಂದೆ ಹೋದರೆ ಹಾಯುತ್ತದೆ, ಹಿಂದೆ ಬಂದರೆ ಒದೆಯುತ್ತದೆ. ಅಡುಗೆಮನೆಯ ಏಪ್ರನ್ ಅಂಗಡಿಗೆ ಬಂತು, ಅದಕ್ಕೆ ಎಡಗಡೆ ಇನ್ನೂ ದೊಡ್ಡದೊಂದು ಜೇಬು ಬಿತ್ತು. ಎಡಗೈ ಅದರೊಳಗೆ ಮನೆ ಮಾಡಿತು. ಹೊರಗೆ ಬಲಗೈ ಕತ್ತರಿ ನಡೆಸುವುದು, ಒಳಗೆ ಎಡಗೈ ಕಾಣದ ಕತ್ತರಿಯೊಂದನ್ನು ಜೊತೆಜೊತೆಗೆ ನಡೆಸುವುದು. ಬಟ್ಟೆಯನ್ನು ಹಿಡಿಯುವವರು ಯಾರು? ಇಸ್ತ್ರಿಪೆಟ್ಟಿಗೆ ಇಟ್ಟಳು, ತಕ್ಕಡಿಯ ಹಳೆಯ ತೂಕದ ಕಲ್ಲುಗಳನ್ನು ಇಟ್ಟಳು. ಒಂದು ಗೇಣು ಕತ್ತರಿಸುವುದು, ನಿಲ್ಲುವುದು, ಕಲ್ಲು ಸರಿಸುವುದು, ಮತ್ತೆ ಕೈಯನ್ನು ಜೇಬಿಗೆ ತುರುಕುವುದು. ಮೊದಲು ಸರಸರನೆ ಮುಗಿಯುತ್ತಿದ್ದ ಅಂಗಿಗೆ ಈಗ ಬೆಳಗೆಲ್ಲ ಬೇಕು. ಗಂಡ ನೋಡಿದ. ಆಪರೇಷನ್ ಆದ ಕೈಯಲ್ಲವೇ, ರೂಢಿಯಾಗಬೇಕು ಎಂದು ಗಿರಾಕಿಗಳಿಗೆ ತಾನೇ ಹೇಳಿದ. ಬಂದವರಿಗೆಲ್ಲ ತೋರಿಸುತ್ತಲೂ ಇದ್ದ. "ನೋಡಿ ಹೇಗೆ ಹಿಡೀತಾಳೆ. ಡಾಕ್ಟ್ರೇ ಬೆರಗಾಗ್ಬೇಕು." ಅವಳು ನಗಬೇಕಾಗುತ್ತಿತ್ತು.

ಅತ್ತೆ ಬೆರಗಾಗಲಿಲ್ಲ. ಕಾಜಾ ಹಾಕುವವರ ಕಣ್ಣು ಸಣ್ಣದನ್ನೇ ಹುಡುಕುವ ಕಣ್ಣು.

"ಆ ಜೇಬಲ್ಲಿ ಏನಿಟ್ಟಿದ್ದೀಯೇ?"

"ಏನಿಲ್ಲ ಅತ್ತೆ."

"ಏನಿಲ್ಲ ಅಂದ್ರೆ ಯಾಕೆ ಅಲ್ಲಾಡತ್ತೆ? ಇಲಿ ಗಿಲಿ ಸಾಕಿದ್ದೀಯಾ?"

"ಕೈ ಚಳಿ ಅತ್ತೆ. ನರ ತೆಗೆದ ಕೈ ಅಲ್ವಾ."

"ಬೆವರು ಸುರೀತಿದೆ, ಚಳಿಯಂತೆ," ಎಂದ ಅತ್ತೆ ಮಗನ ಕಡೆ ತಿರುಗಿದಳು. "ನೋಡೋ, ಇವಳು ಕತ್ತರಿ ಆಡಿಸಿದಾಗೆಲ್ಲ ಜೇಬೂ ಆಡತ್ತೆ. ಅದೇನು ಅಂತ ಕೇಳು."

"ಅಮ್ಮ, ಸುಮ್ನಿರ್ತೀಯಾ? ಅವಳು ಕೆಲಸ ಮಾಡೋದೇ ಹೆಚ್ಚು. ಜೇಬು ನೋಡ್ತಾ ಕೂತ್ಕೋ ನೀನು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳಿಗೆ ಅಂದಿನಿಂದ ಜೇಬಿನದೇ ಧ್ಯಾನ. ಕತ್ತರಿ ಹಿಡಿದರೆ ಒಂದು ಕಣ್ಣು ಬಳಪದ ಗೆರೆಯ ಮೇಲೆ, ಒಂದು ಕಣ್ಣು ಅತ್ತೆಯ ಮೇಲೆ. ಒಳಗಿನ ಮುಷ್ಟಿಯನ್ನು ಸಣ್ಣದು ಮಾಡಿದಳು. ಪೂರ್ತಿ ಮಡಿಸುವ ಬದಲು ಅರ್ಧ ಮಡಿಸಿದಳು, ಅರ್ಧದ ಬದಲು ಬೆರಳ ತುದಿ. ಬಲಗೈ ಮುಷ್ಕರ ಹೂಡುತ್ತಿತ್ತು, ಕತ್ತರಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಹಲ್ಲು ಕಚ್ಚಿ ಮತ್ತೆ ಶುರು ಮಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಬಿಗಿದು ತಲೆ ಸಿಡಿಯುತ್ತಿತ್ತು. ಮನೆಗೆ ಹೋದರೂ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಯಾರಾದರೂ ಹೆಸರು ಹಿಡಿದು ಕರೆದರೆ ಎಡಗೈ ತಾನಾಗಿ ಜೇಬು ಹುಡುಕುತ್ತಿತ್ತು, ಏಪ್ರನ್ ಇಲ್ಲದಿದ್ದರೂ.

ಗುಂಡುಸೂಜಿಯ ದಿನ ಸಿಕ್ಕಿಬಿದ್ದೇಬಿಟ್ಟಳು ಅನ್ನಿ. ಆಸ್ಪತ್ರೆಯ ನರ್ಸುಗಳ ಬಿಳಿ ಕೋಟಿನ ಬಟ್ಟೆ ಮೇಜಿನ ಮೇಲೆ ಹರಡಿತ್ತು. ಎಲ್ಲೋ ಚುಚ್ಚಿದ ಹಾಗಾಯಿತು, ಎಡಗೈಯ ತೋರುಬೆರಳಿಗೆ. ಜೇಬಿನಿಂದ ಕೈ ತೆಗೆದು ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಏನೂ ಇಲ್ಲ. ಬಾಯಲ್ಲಿಟ್ಟು ಚೀಪಿದಳು. ನೋವು ಹೋಗಲೊಲ್ಲದು. ಜೇಬಿನಲ್ಲಿ ಸೂಜಿ ಸೇರಿಕೊಂಡಿದೆಯೇನೋ ಎಂದು ಜೇಬು ಕೊಡವುತ್ತಿದ್ದಾಗ ಅತ್ತೆ ಸ್ಟೂಲಿನಿಂದ ಎದ್ದು ಬಂದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಆ ಕೈ ಚೀಪ್ತಾ ಇದ್ದೀಯಲ್ಲ, ಈ ಕೈ ನೋಡ್ಕೋ."

ಗುಂಡುಸೂಜಿ ಚುಚ್ಚಿಕೊಂಡಿದ್ದದ್ದು ಬಲಗೈಯ ಬೆರಳಿಗೆ. ಬಿಳಿ ಬಟ್ಟೆಯ ಮೇಲೆ ರಕ್ತ ಅಗಲವಾಗಿ ಇಳಿದಿತ್ತು. ಗಂಡ ಓಡಿ ಬಂದು ಸೂಜಿ ಕಿತ್ತು, ಬೆರಳು ಒತ್ತಿ ಹಿಡಿದ. ಒತ್ತಿದ್ದು ಅವಳಿಗೆ ಎಡಗೈಯಲ್ಲಿ ಗೊತ್ತಾಯಿತು.

"ನೋವಾಗ್ಲಿಲ್ವಾ?" ಎಂದ.

"ಮುಟ್ಟಿದ್ದೆಲ್ಲ ಇನ್ನೂ ಆ ಕಡೆಗೇ ಹೋಗತ್ತೆ. ಸರಿಹೋಗತ್ತೆ ಅಂದಿದ್ದಾರೆ," ಎಂದಳು. ಇದು ನಿಜವೇ. ಒಂದು ನಿಜ ಹೇಳಿ ಇನ್ನೊಂದನ್ನು ಮುಚ್ಚಿಡುವುದು ಎಷ್ಟು ಸಲೀಸು ಎಂದು ಅವಳಿಗೇ ಅಂಜಿಕೆಯಾಯಿತು. ಅತ್ತೆ ರಕ್ತದ ಕಲೆಗೆ ತಣ್ಣೀರು ಹಾಕಿ ಉಜ್ಜಿದಳು, ಉಜ್ಜುತ್ತ ಸೊಸೆಯನ್ನೇ ನೋಡುತ್ತಿದ್ದಳು.

ಫಿಸಿಯೋ ಮೇಡಂಗೆ ಹೇಳಿಬಿಡೋಣವೆಂದು ಹೋದಳು. ಅಲ್ಲೂ ಬಾಯಿಗೆ ಬಂದದ್ದು ಬೇರೆ.

"ಎಡಗೈ ಆಡಿಸದೆ ಬಲಗೈ ಆಡೋದು ಯಾವಾಗ ಮೇಡಂ? ಒಂದು ಗುರುತಾದ್ರೂ ಹೇಳಿ."

"ಗುರುತು ಏನಿಲ್ಲ. ಸೈಕಲ್ ಕಲಿಸೋವಾಗ ಹಿಂದೆ ಹಿಡ್ಕೊಂಡಿರ್ತಾರಲ್ಲ, ಯಾವಾಗ ಬಿಟ್ರು ಅಂತ ತುಳಿಯೋರಿಗೆ ಗೊತ್ತಾಗತ್ತಾ?" ಎಂದು ಅವರು ಅವಳ ಭುಜ ಒತ್ತಿ ನೋಡಿದರು. "ಇದ್ಯಾಕೆ ಇಷ್ಟು ಬಿಗಿ? ಏನಾದ್ರೂ ಚಿಂತೆನಾ?"

"ಚಿಂತೆ ಏನಿಲ್ಲ," ಎಂದಳು.

ಅಲ್ಲಿಂದ ಬಸ್ಸಿನ ಕಡೆಗೆ ಅವಸರದಲ್ಲಿ ನಡೆಯುತ್ತಿದ್ದಾಗ, ಪಾತ್ರೆ ಅಂಗಡಿಯೊಂದರ ಮುಂದೆ ನಿಂತ ಕಾವಲುಗಾರನ ಕೋಟು ಅವಳ ಕಣ್ಣಿಗೆ ಬಿತ್ತು. ಮನುಷ್ಯನಿಗಿಂತ ಮೊದಲು ಕೋಟು ನೋಡುವುದು ಅವಳ ಅಭ್ಯಾಸ. ಭುಜ ಎರಡು ಬೆರಳು ಕೆಳಗೆ ಜಾರಿದೆ. ತೋಳು ಬೆರಳ ಗೆಣ್ಣು ಮುಚ್ಚಿದೆ. ಬೆನ್ನಿನಲ್ಲಿ ಗಾಳಿ ತುಂಬಿಕೊಂಡಿದೆ. ಯಾರಿಗೋ ಹೊಲಿದದ್ದನ್ನು ಇನ್ಯಾರಿಗೋ ತೊಡಿಸಿದ್ದಾರೆ. ಇಂಥ ಕೋಟು ಹಾಕಿಕೊಂಡು ನಿಲ್ಲಲು ನಾಚಿಕೆಯಾಗುವುದಿಲ್ಲವೇ ಎಂದುಕೊಂಡು ತಲೆಯೆತ್ತಿದರೆ, ಮೂಗಿನ ತುದಿಗೆ ಕನ್ನಡಕ.

ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ಹೂಂ ಮಾಸ್ಟರ್ ಆಗಲೇ ನೋಡಿಬಿಟ್ಟಿದ್ದ. ಅವನ ಮುಖ ಅರಳಿತು. ಅವಳ ಬಲಗೈಯ ಕಡೆ ಗದ್ದದಿಂದ ತೋರಿಸಿ ಕೇಳಿದ. "ಕೈ ಹೇಗಿದೆಯಮ್ಮ? ಕತ್ತರಿ ಚೆನ್ನಾಗಿ ಕೂರತ್ತಾ?"

ಅವನ ಬಾಯಿಂದ ಇಷ್ಟು ಉದ್ದದ ಮಾತನ್ನು ಅವಳು ಕೇಳಿಯೇ ಇರಲಿಲ್ಲ.

"ಹೂಂ," ಎಂದಳು.

"ಒಳ್ಳೇದಾಯ್ತು," ಎಂದ ಅವನು. ಅಷ್ಟರಲ್ಲಿ ಒಳಗಿನಿಂದ ಯಾರೋ ಏನೋ ಕೂಗಿ ಹೇಳಿದರು, ಅವನು ಒಂದು ಕಾರಿನ ಬಾಗಿಲು ತೆರೆಯಲು ಓಡಿದ. ಓಡುವಾಗ ಉದ್ದದ ತೋಳನ್ನು ಎರಡು ಸಲ ಮೇಲಕ್ಕೆ ಎಳೆದುಕೊಂಡ. ಎರಡು ಸಲವೂ ಅದು ಕೆಳಗೆ ಜಾರಿತು.

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಮೇಜನ್ನು ಕಿತ್ತುಕೊಂಡದ್ದು ಅವನು ಎಂದು ಎಷ್ಟೋ ಸಲ ಹಲ್ಲು ಕಡಿದಿದ್ದಳು. ಈಗ ನೋಡಿದರೆ ಕಿತ್ತುಕೊಂಡವಳು ತಾನು, ಅದೂ ಜೇಬಿನಲ್ಲಿ ಕೈಯಿಟ್ಟುಕೊಂಡು. ಅವನಾದರೋ ನೆಟ್ಟಗೆ ಕತ್ತರಿಸಿದ, ನೆಟ್ಟಗೆ ಹೊರಟುಹೋದ. ಹೇಳಲೇಬೇಕು. ಹೇಳಿದರೆ ಮೇಜು ಹೋಗುತ್ತದೆ. ಮೇಜಿನ ಜೊತೆ, ಆವತ್ತು ಮಂಡಿಯೂರಿ ಅತ್ತ ಆ ಗಂಡನ ಮುಖವೂ ಹೋಗುತ್ತದೆ. ಇಳಿಯುವ ಜಾಗ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದಳು. ವಾಪಸು ನಡೆದುಕೊಂಡು ಬಂದಳು.

ಅಂಗಡಿಯಲ್ಲಿ ಅವಳಿಗಾಗಿ ಗಂಡ ಕಾದಿದ್ದ. ಮೇಜಿನ ಮೇಲೆ ಚೌಕುಳಿ ಬಟ್ಟೆ ಹಾಸಿತ್ತು. ಯಾವುದೋ ಹೋಟೆಲಿನವರಿಗೆ ಕೋಟುಗಳಾಗಬೇಕು, ನಿಮ್ಮ ಮನೆಯವರೇ ಕತ್ತರಿಸುವುದಾದರೆ ಕೊಡುತ್ತೇವೆ ಎಂದಿದ್ದರಂತೆ. ಚೌಕುಳಿ ಎಂದರೆ ಕಟಿಂಗ್‌ನವರ ಪರೀಕ್ಷೆ. ಎದೆಯ ಗೆರೆಗೆ ತೋಳಿನ ಗೆರೆ ಕೂಡಬೇಕು, ಕೂದಲೆಳೆಯಷ್ಟು ಸರಿದರೂ ತೊಟ್ಟವನು ಸೊಟ್ಟಗೆ ಕಾಣುತ್ತಾನೆ.

"ಇದಕ್ಕೆ ಕಲ್ಲು ಗಿಲ್ಲು ಇಟ್ರೆ ಆಗಲ್ಲ," ಎಂದ ಗಂಡ, ಸಂಭ್ರಮದಲ್ಲಿ. "ಮೊದಲಿನ ಹಾಗೆ ಎಡಗೈ ಚಾಚಿ ಹಿಡ್ಕೋ. ಒಂದು ಕೋಟು ನೋಡೇಬಿಡೋಣ."

ಅತ್ತೆ ಸೂಜಿ ನಿಲ್ಲಿಸಿ ನೋಡುತ್ತಿದ್ದಳು.

ಕತ್ತರಿಯಕ್ಕ ಏಪ್ರನ್ ಕಟ್ಟಿಕೊಂಡಳು. ಎಡಗೈ ಜೇಬಿಗೆ ಹೊರಟಿತು, ತಡೆದಳು.

"ರೀ, ಬಂದು ನಿಂತ್ಕೊಳ್ಳಿ ಇಲ್ಲಿ. ನಿಮಗೊಂದು ತೋರಿಸ್ಬೇಕು." ಬೇಗ ಬೇಗ ಹೇಳಿದಳು. "ಈ ಬಲಗೈ ಬಂದಿಲ್ಲ. ಅದು ತಾನಾಗಿ ಏನೂ ಮಾಡಲ್ಲ. ಎಡಗೈ ಮುಷ್ಟಿ ಮಾಡಿದ್ರೆ ಮಾತ್ರ ಅದೂ ಮಾಡತ್ತೆ. ಆವತ್ತು ನೀವು ನೋಡಿದಾಗ ಎಡಗೈ ಜೇಬಲ್ಲಿತ್ತು. ಆಮೇಲೂ ಅಲ್ಲೇ ಇಟ್ಟೆ, ನಿಮಗೆ ಕಾಣ್ದಿರಲಿ ಅಂತ."

ಗಂಡನಿಗೆ ಅರ್ಥವಾಗಲಿಲ್ಲ. "ಏನು ಹೇಳ್ತಿದ್ದೀಯ ನೀನು?"

"ನೋಡಿ ನೀವೇ," ಎಂದು ಎಡಗೈಯನ್ನು ಚೌಕುಳಿಯ ಮೇಲೆ ಅಂಗೈ ಕೆಳಗಾಗಿ ಅಗಲವಾಗಿ ಚಾಚಿಟ್ಟಳು. "ನಾನು ಕತ್ತರಿ ಒತ್ತಿದ ಕೂಡ್ಲೆ ಇದು ಬಟ್ಟೆ ಎಲ್ಲ ಮುದ್ದೆ ಮಾಡತ್ತೆ."

ಬಲಗೈಯಲ್ಲಿ ಕತ್ತರಿ ಎತ್ತಿ, ಬಳಪದ ಗೆರೆಗೆ ಬಾಯಿ ಹಚ್ಚಿ ಒತ್ತಿದಳು. ಬಟ್ಟೆ ಕಚಕ್ಕೆಂದು ಬಿಟ್ಟುಕೊಟ್ಟಿತು. ಎಡಗೈ ಇದ್ದಲ್ಲೇ ಇತ್ತು.

ಅವಳು ಹುಬ್ಬು ಗಂಟಿಕ್ಕಿ ಮತ್ತೆ ಒತ್ತಿದಳು. ಕತ್ತರಿ ಮುಂದೆ ಹೋಯಿತು. ಎಡಗೈಯ ಬೆರಳುಗಳು ಬಟ್ಟೆಯ ಮೇಲೆ ಹಾಯಾಗಿ ಬಿದ್ದುಕೊಂಡಿದ್ದವು, ಕಿರುಬೆರಳು ಮಾತ್ರ ಒಮ್ಮೆ ಅದುರಿತು. ಇನ್ನೊಂದು ಸಲ, ಮತ್ತೊಂದು ಸಲ. ಮೂರು ವರ್ಷ ಯಾವುದಕ್ಕಾಗಿ ಹಗಲೂ ಇರುಳೂ ಹಂಬಲಿಸಿದ್ದಳೋ ಅದು ಕಣ್ಣೆದುರಿಗೆ ನಡೆಯುತ್ತಿತ್ತು. ಅವಳೋ, ಒಂದೇ ಒಂದು ಸಲ ಈ ಹಾಳು ಎಡಗೈ ಮುಷ್ಟಿ ಕಟ್ಟಬಾರದೇ, ನನ್ನ ಮಾತಿಗೆ ಸಾಕ್ಷಿ ಹೇಳಬಾರದೇ ಎಂದು ಒದ್ದಾಡುತ್ತಿದ್ದಳು. ಕತ್ತರಿ ಕಂಕುಳ ತಿರುವಿಗೆ ಬಂದು ತಿರುಗಿತು, ಹಳೆಯ ಚೊಕ್ಕತನದಲ್ಲೇ.

"ಹಾಗೆ ಆಗ್ತಿತ್ತು," ಎಂದಳು. "ದೇವರಾಣೆ ಹಾಗೇ ಆಗ್ತಿತ್ತು ರೀ."

ಗಂಡ ನಕ್ಕ. "ಮಾಸ್ಟ್ರನ್ನ ನೋಡಿದ್ಯಾ ಎಲ್ಲಾದ್ರೂ? ಅವರ ಮೇಲೆ ಕನಿಕರ ಬಂದು ಈ ಕತೆ ಕಟ್ತಿದ್ದೀಯ ಅಲ್ವಾ?"

"ಕತೆ ಅಲ್ಲ ಕಣೋ," ಎಂದಳು ಅತ್ತೆ. ಗೆದ್ದವಳ ದನಿಯಿರಬೇಕಿತ್ತು, ಇರಲಿಲ್ಲ. "ಬಡ್ಕೊಂಡೆನಲ್ಲ ನಾನು, ಜೇಬು ಆಡತ್ತೆ ಅಂತ. ನೀನೇ ಬಾಯಿ ಮುಚ್ಚಿಸಿದೆ. ಇತ್ತೀಚೆಗೆ ಆಡ್ತಿರಲಿಲ್ಲ, ನನ್ನ ಕಣ್ಣೇ ಮಂಜಾಯ್ತೇನೋ ಅಂದ್ಕೊಂಡಿದ್ದೆ."

ಗಂಡನ ನಗು ನಿಧಾನಕ್ಕೆ ಇಳಿಯಿತು. ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ಬಟ್ಟೆಯ ಮೇಲೆ ಚಾಚಿದ್ದ ಎಡಗೈಯನ್ನು ನೋಡಿದ.

"ಹಾಗಾದ್ರೆ ಆವತ್ತು? ನಾನು ಅಮ್ಮನ್ನ ಕೂಗಿದ ದಿನ?"

"ಎರಡೂ ಕೈ," ಎಂದಳು.

"ಮಾಸ್ಟ್ರನ್ನ ಕಳಿಸಿದ ದಿನ?"

"ಆವತ್ತೂ."

ಅವನು ಮಿಷನ್ನಿನ ಸ್ಟೂಲಿನ ಮೇಲೆ ಹೋಗಿ ಕೂತ. ಬಯ್ಯುತ್ತಾನೆ ಎಂದು ಅವಳು ಕಾದಳು, ಬಯ್ದಿದ್ದರೆ ಹಗುರಾಗುತ್ತಿತ್ತು. ಅವನು ಅಂಗೈಯಲ್ಲಿ ಮೊಣಕಾಲು ಉಜ್ಜಿಕೊಂಡ.

"ಅವರಿಗೆ ನಾನು ಏನಂತ ಹೇಳಿದೆ ಗೊತ್ತಾ?" ಎಂದ ಕೊನೆಗೆ. "ಕೆಲಸ ಇಲ್ಲ ಅಂತ ಹೇಗೆ ಹೇಳೋದು ಅಂತ ಗೊತ್ತಾಗದೆ, ನನ್ನ ಹೆಂಡತಿ ಕೈ ಬಂತು ಮಾಸ್ಟ್ರೇ ಅಂದೆ. ಹೂಂ ಅಂತಾರೆ ಅಂದ್ಕೊಂಡೆ. ಅನ್ನಲಿಲ್ಲ. ನನ್ನ ಎರಡೂ ಕೈ ಹಿಡ್ಕೊಂಡು ಅತ್ತುಬಿಟ್ರು. ಕತ್ತರಿ ಹಿಡಿಯೋರಿಗೆ ಕೈ ಹೋದ್ರೆ ಏನಿರತ್ತೆ, ದೇವರು ಕಣ್ಣು ಬಿಟ್ಟ ಅಂದ್ರು. ಆ ಸ್ಪ್ರಿಂಗ್ ಕೂರಿಸಿದ್ದು ನಾನಲ್ಲ. ಅವರೇ ಕೂತು ಹಾಕಿಕೊಟ್ಟು ಹೋದ್ರು."

ಕತ್ತರಿಯಕ್ಕ ಬಲಗೈಯಲ್ಲಿದ್ದ ಕತ್ತರಿಯನ್ನು ಚೌಕುಳಿಯ ಮೇಲೆ ಇಟ್ಟಳು. ಬೆರಳುಗಳು ಅದನ್ನು ತಾವಾಗಿಯೇ ಬಿಟ್ಟವು, ಎಡಗೈ ಅಲ್ಲಾಡಲಿಲ್ಲ. ಸಂತೋಷಪಡಬೇಕಾದ ಗಳಿಗೆ ಅದು, ಸಂತೋಷವೂ ಇತ್ತು. ಅದು ಎದೆಯಲ್ಲಿ ಎದ್ದು ನಿಲ್ಲಲು ನೋಡುತ್ತಿತ್ತು, ನಾಚಿಕೆ ಅದನ್ನು ಕೂರಿಸುತ್ತಿತ್ತು. ಅವಳು ಏಪ್ರನ್ ಬಿಚ್ಚಿ ಮೇಜಿನ ತುದಿಗೆ ಹಾಕಿ ಚಪ್ಪಲಿ ಹುಡುಕಿದಳು.

"ಎಲ್ಲಿಗೆ?" ಎಂದ ಗಂಡ.

"ಪಾತ್ರೆ ಅಂಗಡಿ ಮುಂದೆ ಕಾವಲು ನಿಂತಿದ್ದಾರೆ. ನಾನೇ ಹೇಳ್ಬೇಕು ಅವರಿಗೆ, ನೀವಲ್ಲ."

"ಏನಂತ ಹೇಳ್ತೀಯ? ಆವತ್ತು ಬಂದಿರಲಿಲ್ಲ, ಈಗ ಬಂದಿದೆ ಅಂತಾನಾ?"

ಅವಳು ಬಾಗಿಲಲ್ಲಿ ನಿಂತಳು.

"ಮೇಜು ಉದ್ದ ಇದೆ ರೀ," ಎಂದಳು. "ಇಬ್ಬರು ನಿಲ್ಲಬಹುದು. ಬರ್ತಾರಾ ಕೇಳ್ತೀನಿ. ಬರಲ್ಲ ಅಂದ್ರೆ ಆ ಕೋಟನ್ನಾದ್ರೂ ಬಿಚ್ಚಿಸಿಕೊಂಡು ಬರ್ತೀನಿ. ಭುಜ ಸರಿಮಾಡಿ ಕೊಡ್ಬೇಕು."